ಶುಕ್ರವಾರದ ಅರ್ಧ ಗಂಟೆ

ಪಡುಬಾಕ್ಯಾರಿನ ಪಂಚಾಯತು ಅಧ್ಯಕ್ಷ ಮುನಿರಾಜ ಅರಿಗರಿಗೆ ಎಲ್ಲ ಬರುತ್ತಿತ್ತು, ಯಾರಿಗಾದರೂ 'ಇಲ್ಲ' ಎನ್ನಲು ಮಾತ್ರ ಬರುತ್ತಿರಲಿಲ್ಲ. ಎತ್ತು ಕೇಳಿಕೊಂಡು ಬಂದವರಿಗೆ ಎತ್ತು, ಚಪ್ಪರಕ್ಕೆ ಮರ ಕೇಳಿದವರಿಗೆ ಮರ. ಒಮ್ಮೆ ಮೂಡಬಿದ್ರೆ ಪೇಟೆಗೆ ಕೊಡೆ ತರಲು ಹೋದವರು ಅಂಗಡಿಯವನು ಮೊದಲು ಬಿಚ್ಚಿ ತೋರಿಸಿದ ಹೂವಿನ ಚಿತ್ತಾರದ ಹೆಂಗಸರ ಕೊಡೆಯನ್ನೇ ಹಿಡಿದುಕೊಂಡು ಬಂದಿದ್ದರು. "ಇವರು ಪಂಚಾಯತಿಗೆ ನಿಂತದ್ದೂ ಹೀಗೆಯೇ. ಯಾರೋ ನಿಲ್ಲಿ ಅಂದ್ರು, ನಿಂತ್ರು. ಕೂತ್ಕೊಳ್ಳಿ ಅನ್ನುವವರು ಸಿಕ್ಕಲಿಲ್ಲ" ಎಂದು ಹೆಂಡತಿ ರಾಜಮತಿ ನಗುತ್ತಿದ್ದರು. ಹಾಗೆಂದು ಆ ಕೊಡೆಯನ್ನು ಹಿಡಿಯುವುದನ್ನು ಅರಿಗರು ಬಿಡಲಿಲ್ಲ.

ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸು ನಿಂತಹಾಗೆ ಮಾಡಿ ಹೊರಟುಬಿಡುವ ಊರು ಪಡುಬಾಕ್ಯಾರು. ಅಲ್ಲಿಗೆ ಸರ್ಕಾರದ ರೇಡಿಯೋ ಬಂದಾಗ ಪಂಚಾಯತಿಗೆ ಸ್ವಂತ ಕಟ್ಟಡವಿರಲಿಲ್ಲ. ಅರಿಗರು ತಮ್ಮ ಅಂಗಳದ ಹೆಬ್ಬಾಗಿಲಿನ ಪಕ್ಕದ ಕೋಣೆಯನ್ನು ಬಿಟ್ಟುಕೊಟ್ಟರು. ಮರದ ದೊಡ್ಡ ಪೆಟ್ಟಿಗೆ, ಅದಕ್ಕಿಂತ ಭಾರದ ಬ್ಯಾಟರಿ. ಪೆಟ್ಟಿಗೆಗೆ ಇದ್ದದ್ದು ಒಂದೇ ತಿರುಗಣೆ. ತೆರೆಯಲು, ಮುಚ್ಚಲು, ಸ್ವರ ಏರಿಸಲು ಎಲ್ಲ ಅದೇ. ನಿಲಯ ಬದಲಿಸುವ ತಿರುಗಣೆಯನ್ನು ಒಳಗೇ ಬಿಗಿದು ಅರಗಿನ ಮೊಹರು ಹಾಕಿ ಕಳಿಸಿದ್ದರು. ಘಟ್ಟದ ಮೇಲಿನ ನಿಲಯ ಏನು ಹೇಳುತ್ತದೋ ಅದನ್ನು ಕೇಳಬೇಕು. ಸಂಜೆ ಗ್ರಾಮಸ್ಥರ ಕಾರ್ಯಕ್ರಮದ ಹೊತ್ತಿಗೆ ಪೆಟ್ಟಿಗೆ ಕಡ್ಡಾಯವಾಗಿ ತೆರೆದಿರಬೇಕು ಎಂದು ಆರ್ಡರೂ ಇತ್ತು. ಅರಿಗರಿಗೆ ಆರ್ಡರೆಂದರೆ ಆರ್ಡರು. ಮೈಯಲ್ಲಿ ಜ್ವರವಿದ್ದರೂ ಎದ್ದು ಬಂದು ಪೆಟ್ಟಿಗೆಯ ಕಿವಿ ಹಿಂಡುತ್ತಿದ್ದರು.

ವಾರವಿಡೀ ಆ ಪೆಟ್ಟಿಗೆಯಲ್ಲಿ ಭತ್ತ. ಜಪಾನೀ ಪದ್ಧತಿಯಲ್ಲಿ ನೇಜಿಯನ್ನು, ಎಂದರೆ ಭತ್ತದ ಸಸಿಯನ್ನು, ಹಗ್ಗ ಹಿಡಿದು ಸಾಲಾಗಿ ನೆಡುವುದು ಹೇಗೆ ಎಂದು ಒಬ್ಬ ಮಹಾನುಭಾವರು ನಿಧಾನವಾಗಿ, ಬಹಳ ನಿಧಾನವಾಗಿ ಹೇಳುತ್ತಿದ್ದರು. ಇಲ್ಲಿ ಆಕಾಶವೇ ಹರಿದು ಬೀಳುವಂತೆ ಮಳೆ ಸುರಿಯುವಾಗ ಅವರು ಅಲ್ಲಿಂದ "ಮಳೆ ಕೈಕೊಟ್ಟರೆ ಗಾಬರಿಯಾಗಬೇಡಿ" ಎಂದು ಧೈರ್ಯ ಕೊಡುತ್ತಿದ್ದರು. ಜನ ಬರುತ್ತಿದ್ದರು, ಕೇಳುತ್ತಿದ್ದರು, ತೂಕಡಿಸುತ್ತಿದ್ದರು. ಅಧ್ಯಕ್ಷರ ಅಂಗಳವಲ್ಲವೇ, ಎದ್ದು ಹೋದರೆ ಚೆನ್ನಾಗಿರುವುದಿಲ್ಲ.

ಶುಕ್ರವಾರ ಮಾತ್ರ ಬೇರೆ. ಅಂದು ಅರ್ಧ ಗಂಟೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಎದುರುಬದುರು ವಾದ ಹೂಡುವ ಆಟ. ಅಂಗಳ ಕಿಕ್ಕಿರಿಯುತ್ತಿತ್ತು. ಆದರೆ ಆ ಅರ್ಧ ಗಂಟೆಗಾಗಿ ಜೀವ ಹಿಡಿದು ಕೂತಿರುತ್ತಿದ್ದವರು ಅಂಗಳದಲ್ಲಿರಲಿಲ್ಲ, ಒಳಗೆ ಚಾವಡಿಯ ಕಿಟಕಿಯ ಬಳಿ ಇದ್ದರು. ಅರಿಗರ ತಾಯಿ ಅನಂತಮತಿಯಮ್ಮ.

ಅವರಿಗೆ ಎಪ್ಪತ್ತು ದಾಟಿತ್ತು. ಕಣ್ಣು ಮಂಜಾಗಿ ಓದು ನಿಂತುಹೋಗಿತ್ತು. ಅವರ ಕಾಲದಲ್ಲಿ ಊರಿನ ತಾಳಮದ್ದಳೆಗೆ ಮನೆತನದ ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ರಾತ್ರಿಯಿಡೀ ಕೇಳಿ ಬಂದ ಗಂಡಸರು ಬೆಳಗ್ಗೆ ಗಂಜಿ ಉಣ್ಣುತ್ತಾ ಉದುರಿಸಿದ ಚೂರುಪಾರು ಮಾತುಗಳೇ ಅವರ ಪಾಲು. ಈಗ ಮಾತು ಇಡಿಯಾಗಿ ಕಿಟಕಿಗೆ ಬಂದಿತ್ತು. ಶುಕ್ರವಾರ ಕೇಳಿದ್ದನ್ನು ಅವರು ಗುರುವಾರದವರೆಗೆ ಮೆಲುಕು ಹಾಕುತ್ತಿದ್ದರು. ಸೌತೆಕಾಯಿ ಹೆಚ್ಚುತ್ತಾ ಸೊಸೆಯೊಡನೆ ವಾದಕ್ಕೆ ಇಳಿಯುತ್ತಿದ್ದರು. ಯಾವಾಗಲೂ ಸೋತವರ ಪಕ್ಷ ಅವರದ್ದು. "ಆ ರಾಜನಿಗೆ ಒಂದು ಮಾತು ಹೊಳೀಲಿಲ್ಲ ನೋಡು. ನಾನಾಗಿದ್ರೆ ಹೇಳ್ತಿದ್ದೆ" ಎಂದು ಕತ್ತಿಯನ್ನು ಕೆಳಗಿಟ್ಟು ಹೇಳಿಯೂ ಬಿಡುತ್ತಿದ್ದರು. ರಾಜಮತಿ ಬೇಕೆಂದೇ ಗೆದ್ದವರ ಪಕ್ಷ ಹಿಡಿದು ಅತ್ತೆಯನ್ನು ಕೆಣಕುತ್ತಿದ್ದರು. ಗದ್ದೆಯಿಂದ ಬಂದ ಅರಿಗರು ಕಾಲು ತೊಳೆಯುತ್ತಾ ನಿಂತು ಇಬ್ಬರ ಮಾತನ್ನೂ ಕೇಳುವರು. ಅದನ್ನು ಕೇಳಿದರೆ ಅವರಿಗೆ ಆಯಾಸ ಇಳಿಯುತ್ತಿತ್ತು.

ಹೀಗಿರುವಾಗ, ಮಾವಿನ ಹಣ್ಣಿನ ಕಾಲದಲ್ಲಿ, ಘಟ್ಟದ ಮೇಲಿನಿಂದ ಒಬ್ಬ ಅಧಿಕಾರಿ ಇಳಿದು ಬಂದರು. ನಂಜುಂಡಯ್ಯ ಅಂತ ಹೆಸರು. ಕೇಳುಗರಿಗೆ ಏನು ಬೇಕು, ಏನು ಬೇಡ ಎಂದು ಊರೂರು ತಿರುಗಿ ವಿಚಾರಿಸುವುದು ಅವರ ಕೆಲಸ. ಪಾಪ, ಒಳ್ಳೆಯ ಮನುಷ್ಯ. ಬಸ್ಸಿನ ಧೂಳಿನಲ್ಲಿ ಅವರ ಮೀಸೆ ಕೆಂಪಾಗಿತ್ತು. ಅವರು ಬಂದದ್ದು ಸೂರ್ಯ ಇಳಿಯುವ ಹೊತ್ತಿಗೆ. ಜೈನರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಅತಿಥಿಯನ್ನು ಉಪವಾಸ ಮಲಗಿಸುವುದುಂಟೇ? ಮಾತುಕತೆ ಆಮೇಲೆ ಎಂದು ಕೈಹಿಡಿದು ಎಲೆಯ ಮುಂದೆ ಕೂರಿಸಿದರು.

ಆ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಅತಿಥಿ ಉಣ್ಣುತ್ತಿರುವಾಗ ಅವರ ಮಾತಿಗೆ ಎದುರು ಹೇಳುವ ಹಾಗಿಲ್ಲ, ಯಾವುದನ್ನೂ ಹಳಿಯುವ ಹಾಗಿಲ್ಲ. ಹೇಳಿದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲವಂತೆ. ಅನಂತಮತಿಯಮ್ಮ ಮಗನಿಗೆ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ಪಾಠ ಅದು.

ನಂಜುಂಡಯ್ಯನವರಿಗೆ ಇದು ಹೇಗೆ ಗೊತ್ತು? ಅವರಿಗೆ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕಿತ್ತು. ಎಲೆಯ ಮುಂದೆಯೇ ಕೆಲಸ ಶುರುಮಾಡಿದರು.

"ನಮ್ಮ ಭತ್ತದ ಕಾರ್ಯಕ್ರಮ ಜನಕ್ಕೆ ಹಿಡಿಸಿದೆಯಾ ಸ್ವಾಮಿ?"

"ಲಾಯ್ಕುಂಟು" ಎಂದರು ಅರಿಗರು. ಬೇರೆ ಏನು ಹೇಳುತ್ತಾರೆ?

"ಇನ್ನೂ ಸ್ವಲ್ಪ ಜಾಸ್ತಿ ಇದ್ರೆ?"

"ಆಗಬಹುದು."

"ಶುಕ್ರವಾರವೂ ಇಟ್ಕೊಂಡ್ರೆ?"

ಅರಿಗರು ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದರು. ಅತಿಥಿಯ ಕೈಯಲ್ಲಿ ತುತ್ತು ಇತ್ತು. "ಅದಕ್ಕೆಂತ, ಆಗಬಹುದು" ಎಂದರು. ಶುಕ್ರವಾರ ಎಂದರೆ ತಾಳಮದ್ದಳೆ ಮುಗಿದ ಮೇಲೆ ಇರಬಹುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಅತ್ತ ನಂಜುಂಡಯ್ಯನವರ ಎಲೆಯಲ್ಲೂ ಒಂದು ಕಥೆ ನಡೆಯುತ್ತಿತ್ತು. ಜೀವಮಾನದಲ್ಲಿ ಕುಚ್ಚಲಕ್ಕಿ ಅನ್ನ ಕಂಡವರಲ್ಲ ಅವರು. ದಪ್ಪ ಅಗುಳು ಗಂಟಲಲ್ಲಿ ಇಳಿಯಲೊಲ್ಲದು. ಆದರೂ ಮನೆಯವರ ಮುಖ ನೋಡಿ "ಅನ್ನ ಬಹಳ ಚೆನ್ನಾಗಿದೆ" ಎಂದರು. ಎಂದದ್ದೇ ತಡ, ರಾಜಮತಿ ಸಂತೋಷದಿಂದ ಇನ್ನೊಂದು ಸೌಟು ಬಡಿಸಿದರು. ಹೀಗೆ ಅಂದು ಆ ಪಂಕ್ತಿಯಲ್ಲಿ ಇಬ್ಬರು ಮರ್ಯಾದಸ್ಥರು ತಮಗೆ ಬೇಡವಾದದ್ದನ್ನು ಹೊಗಳಿ ಹೊಗಳಿ ಎರಡೆರಡು ಸಲ ಹಾಕಿಸಿಕೊಂಡರು. ಅಧಿಕಾರಿಯ ಕಷ್ಟ ರಾತ್ರಿಯೊಳಗೆ ಕರಗಿತು. ಅರಿಗರದ್ದು ಉಳಿಯಿತು.

ಮಳೆ ಹಿಡಿಯುವ ಹೊತ್ತಿಗೆ ಪೆಟ್ಟಿಗೆಯೇ ಬಾಯಿಬಿಟ್ಟು ಹೇಳಿತು: ಕರಾವಳಿಯ ಕೇಳುಗರ ಒತ್ತಾಯದ ಬೇಡಿಕೆಯ ಮೇರೆಗೆ ಇನ್ನು ಮುಂದೆ ಶುಕ್ರವಾರವೂ ಭತ್ತದ ಕಾರ್ಯಕ್ರಮ ಇರುತ್ತದೆ, ತಾಳಮದ್ದಳೆಯನ್ನು ನಿಲ್ಲಿಸಲಾಗಿದೆ.

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಒತ್ತಾಯ ಮಾಡಿದ ಪುಣ್ಯಾತ್ಮ ಯಾರು ಎಂದು ಯಾರೂ ಕೇಳಲಿಲ್ಲ. ಅರಿಗರು ತಲೆಯೆತ್ತಲಿಲ್ಲ. ಒಳಗೆ ಹೋಗಿ ತಾಯಿಯ ಬಳಿ ಕುಳಿತರು. ಬೈದಿದ್ದರೆ ಹಗುರವಾಗುತ್ತಿತ್ತು. ಅನಂತಮತಿಯಮ್ಮ ಬೈಯಲಿಲ್ಲ.

"ಎಲೆಯ ಮುಂದೆ ನೀನು ಬೇರೆ ಎಂತ ಹೇಳ್ಲಿಕ್ಕೆ ಆಗ್ತಿತ್ತು ಮಗಾ?" ಎಂದು ಅವರ ಬೆನ್ನು ಸವರಿದರು.

ಆ ಮೇಲೆ ಅಡುಗೆಮನೆಯಲ್ಲಿ ವಾದ ನಿಂತಿತು. ಸೊಸೆ ಹಳೆಯ ಪ್ರಸಂಗಗಳನ್ನು ಎತ್ತಿ ಕೆಣಕಿ ನೋಡಿದರು. ಮುದುಕಿ "ಹೌದು, ನೀನು ಹೇಳಿದ್ದೇ ಸರಿ" ಎಂದುಬಿಟ್ಟರು. ಅತ್ತೆ ಒಪ್ಪಿಕೊಂಡದ್ದನ್ನು ಕಂಡು ರಾಜಮತಿಗೆ ಅಳು ಬಂತು. ಶುಕ್ರವಾರ ಸಂಜೆ ಕಿಟಕಿಯ ಬಳಿ ಬಂದು ಕೂರುವುದನ್ನು ಮಾತ್ರ ಅನಂತಮತಿಯಮ್ಮ ಬಿಡಲಿಲ್ಲ. ಜಪಾನೀ ಪದ್ಧತಿಯನ್ನು ಪೂರ್ತಿ ಕೇಳಿ ಎದ್ದು ಹೋಗುತ್ತಿದ್ದರು. ಅರಿಗರಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಜನ ಒಬ್ಬೊಬ್ಬರಾಗಿ ರಸ್ತೆಯ ಆಚೆಯ ಅಬ್ಬಾಸ್ ಬ್ಯಾರಿಯ ಚಾ ಹೋಟೆಲಿಗೆ ಜಾರಿಕೊಂಡರು. ಅಲ್ಲೊಂದು ಖಾಸಗಿ ರೇಡಿಯೋ. ಅದರಲ್ಲಿ ಸಿಲೋನು ನಿಲಯ ಬರುತ್ತಿತ್ತು, ಸಿನೆಮಾ ಪದ್ಯ ಬರುತ್ತಿತ್ತು, ಸೋಪಿನ ಜಾಹೀರಾತೂ ಬರುತ್ತಿತ್ತು.

"ನನ್ನ ರೇಡಿಯೋ ಗಿರಾಕಿಗಳದ್ದು ಅರಿಗರೇ" ಎಂದರು ಅಬ್ಬಾಸ್, ಒಂದು ದಿನ ದಾರಿಯಲ್ಲಿ ಸಿಕ್ಕಿದಾಗ. "ಅವರಿಗೆ ಬೇಡದ್ದು ಹಾಕಿದ್ರೆ ಚಾ ಕುಡಿಯದೆ ಎದ್ದು ಹೋಗ್ತಾರೆ. ನಿಮ್ಮದು ಸರ್ಕಾರದ್ದು. ಅದಕ್ಕೆ ಚಾ ಮಾರ್ಲಿಕ್ಕಿಲ್ಲ. ನೀವು ಹೋಗಿ ಕೇಳ್ಬೇಕು ಮಾರಾಯ್ರೇ. ತಾಳಮದ್ದಳೆ ನನ್ನ ಸಿಲೋನಿನಲ್ಲಿಯೂ ಬರುವುದಿಲ್ಲ."

ಕೇಳಬೇಕೆಂದೇ ಅರಿಗರು ಬಂಟ್ವಾಳಕ್ಕೆ ಹೋದರು. ಅಲ್ಲಿ ಶಾಸಕರು ಬಂದಿದ್ದರು. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಉರುಹೊಡೆದರು: ನಮಗೆ ಭತ್ತ ಸಾಕು, ತಾಳಮದ್ದಳೆ ಬೇಕು. ಬರಿಗೈಯಲ್ಲಿ ಹೋಗುವುದು ಹೇಗೆಂದು ಒಂದು ಗೊನೆ ಕದಳಿ ಬಾಳೆಹಣ್ಣು ಹೊರಿಸಿಕೊಂಡಿದ್ದರು. ಅದೇ ಎಡವಟ್ಟಾಯಿತು. ಗೊನೆ ನೋಡಿದವರೇ ಶಾಸಕರು, ಉಪಕಾರ ನೆನೆದು ತಂದದ್ದೆಂದು ತಿಳಿದು, ಕೈಜೋಡಿಸಿ ನಿಂತರು.

"ಇದೆಲ್ಲ ಎಂತಕ್ಕೆ ಅರಿಗರೇ! ನಿಮ್ಮ ಊರಿನ ಬೇಡಿಕೆಯನ್ನು ಮೇಲೆ ಮುಟ್ಟಿಸುವುದು ನನ್ನ ಕರ್ತವ್ಯ. ಶುಕ್ರವಾರದ ಭತ್ತದ ಕಾರ್ಯಕ್ರಮಕ್ಕಾಗಿ ನಾನು ಎಷ್ಟು ಓಡಾಡಿದ್ದೇನೆ ಗೊತ್ತುಂಟಾ? ಜನರಿಗೆ ಸಂತೋಷವಾಗಿದೆಯಲ್ಲ?"

ಅವರು ಓಡಾಡಿರಲಿಲ್ಲ. ಆದರೆ ಮುಂದಿನ ವರ್ಷ ಚುನಾವಣೆ ಇತ್ತು. ಕೋಣೆ ತುಂಬ ಜನ ಕೂತಿದ್ದರು, ಎಲ್ಲರೂ ಅರಿಗರ ಬಾಯಿ ನೋಡುತ್ತಿದ್ದರು.

"ಸಂತೋಷವಾಗಿದೆ" ಎಂದರು ಅರಿಗರು.

"ಹಾಗಾದ್ರೆ ನಿಮ್ಮ ಅಂಗಳದಲ್ಲೇ ಒಂದು ಸಭೆ ಮಾಡುವ. ರೇಡಿಯೋದವರನ್ನೇ ಕರೆಸ್ತೇನೆ."

ಅರಿಗರು ಮರಳಿ ಬಂದು ವರದಿ ಒಪ್ಪಿಸಿದಾಗ ರಾಜಮತಿ ಹಣೆ ಹಣೆ ಬಡಿದುಕೊಂಡರು. "ಇನ್ನೂ ಒಂದು ಗೊನೆ ತಕೊಂಡು ಹೋಗಿದ್ರೆ ಬೆಳಗ್ಗೆಯೂ ಭತ್ತ ಹಾಕಿಸ್ತಿದ್ರಿ!"

ಸಭೆಯ ದಿನ ನಂಜುಂಡಯ್ಯನವರು ಎರಡು ಚಕ್ರ ತಿರುಗುವ, ಮಾತು ಹಿಡಿಯುವ ಯಂತ್ರದೊಂದಿಗೆ ಬಂದರು. ಈ ಸಲ ಮೂಡಬಿದ್ರೆಯಲ್ಲೇ ಊಟ ಮುಗಿಸಿ ಬಂದಿದ್ದರು. ಶಾಸಕರು ದೇಶ, ಭತ್ತ, ರೇಡಿಯೋ ಮತ್ತು ತಮ್ಮ ಬಗ್ಗೆ ಉದ್ದಕ್ಕೆ ಮಾತಾಡಿದರು. ಆಮೇಲೆ ಮೈಕು ಅಧ್ಯಕ್ಷರ ಬಾಯಿಗೆ ಬಂತು. ಎದುರು ಎಲೆ ಇರಲಿಲ್ಲ. ಹೇಳುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಅರಿಗರು ಬಾಯಿ ತೆರೆದರು. ಶಾಸಕರು ನಗುತ್ತಾ ನೋಡುತ್ತಿದ್ದರು. ಚಕ್ರಗಳು ಸುಮ್ಮನೆ ತಿರುಗಿದವು.

ನಂಜುಂಡಯ್ಯನವರಿಗೆ ಅಯ್ಯೋ ಎನಿಸಿತು. ಕಿಟಕಿಯಲ್ಲಿ ಕುಳಿತ ವೃದ್ಧೆಯನ್ನು ಕಂಡು "ಅಮ್ಮನವರ ಅಭಿಪ್ರಾಯ ಕೇಳೋಣ" ಎಂದು ವಯರು ಎಳೆದು ಮೈಕನ್ನು ಕಿಟಕಿಯ ಸರಳುಗಳ ಎಡೆಯಲ್ಲಿ ಹಿಡಿದರು.

ಅನಂತಮತಿಯಮ್ಮ ಮೈಕನ್ನು ಮುಟ್ಟಿ ನೋಡಿದರು. ಗಂಟಲು ಸರಿಮಾಡಿದರು. ಮನೆಯಲ್ಲಿ ತುಳುವೇ ಆಡುತ್ತಿದ್ದ ಬಾಯಿಯಿಂದ ಬಂದದ್ದು ಯಾರೂ ಎಣಿಸದ ಕನ್ನಡ, ಶುಕ್ರವಾರಗಳ ಕನ್ನಡ.

"ಘಟ್ಟದ ಮೇಲಿನ ಮಹಾರಾಜನೇ, ನಿನಗೆ ಮಂಗಳವಾಗಲಿ. ಮೂಲೆಯ ಊರಿನ ನಾವೂ ಉಣ್ಣಬೇಕು, ನಮ್ಮ ಗದ್ದೆಯೂ ತುಂಬಬೇಕು ಎಂದು ದಿನದಿನವೂ ನೆನಪಿಟ್ಟು ಭತ್ತದ ಬುದ್ಧಿ ಹೇಳುತ್ತಿರುವೆಯಲ್ಲ, ನಿನ್ನ ಪ್ರೀತಿ ದೊಡ್ಡದು. ಅದನ್ನು ಅಲ್ಲವೆನ್ನುವಷ್ಟು ಕೃತಘ್ನಳಲ್ಲ ನಾನು."

ಶಾಸಕರು ಚಪ್ಪಾಳೆ ತಟ್ಟಿದರು. ಅನಂತಮತಿಯಮ್ಮ ಅದು ನಿಲ್ಲುವವರೆಗೆ ಕಾದರು.

"ಆದರೆ ಮಹಾರಾಜ, ಹೊಟ್ಟೆಯನ್ನು ವಿಚಾರಿಸಿದವನು ಕಿವಿಯನ್ನೂ ವಿಚಾರಿಸಬೇಡವೇ? ವಾರವಿಡೀ ನೀನು ಹೇಳಿದ್ದನ್ನು ಕೇಳಿದೆವು, ಬೇಸರಿಸಲಿಲ್ಲ. ಒಂದು ಸಂಜೆ ಮಾತ್ರ ನಮ್ಮ ಮಾತು ನಮಗೆ ಕೇಳುತ್ತಿತ್ತು. ಗಂಡಸರು ಅಂಗಳದಲ್ಲಿ ಕುಳಿತು ಬೆಳಗಿನವರೆಗೆ ಕೇಳಿದ್ದನ್ನು ನಾನು ಮುದುಕಿಯಾಗುವವರೆಗೆ ಕೇಳಿದವಳಲ್ಲ. ಕೇಳಿಸಿದವನು ನೀನೇ. ಹಸಿದವಳಿಗೆ ಎಲೆ ಹಾಕಿ, ಬಡಿಸಿ, ಕೈಯಿಕ್ಕುವಾಗ ಎಲೆ ಎಳೆದೆಯಲ್ಲ, ಇದು ಯಾವ ರಾಜನೀತಿ? ನಾನು ಊರು ಕೇಳಲು ಬಂದವಳಲ್ಲ, ಸೀಮೆ ಕೇಳಲು ಬಂದವಳಲ್ಲ. ಅರ್ಧ ಗಂಟೆ ಕೇಳುತ್ತೇನೆ. ಅದನ್ನು ಕೊಟ್ಟರೆ ನೀನು ಬಡವನಾಗುವುದಿಲ್ಲ. ಕೊಡುತ್ತೀಯೋ, ಇಲ್ಲವೋ?"

ಅಬ್ಬಾಸ್ ಗೋಡೆಯಾಚೆಯಿಂದ "ಭಲೇ!" ಎಂದಾಗಲೇ ಎಲ್ಲರಿಗೂ ಎಚ್ಚರ. ಶಾಸಕರು ಬೇರೆ ದಾರಿ ಕಾಣದೆ ಮತ್ತೆ ಚಪ್ಪಾಳೆ ತಟ್ಟಿದರು. ನಂಜುಂಡಯ್ಯನವರು ಕಣ್ಣೊರೆಸಿಕೊಂಡು "ಇದ್ದ ಹಾಗೇ ಕಳಿಸ್ತೀನಿ ಅಮ್ಮ. ಒಂದಕ್ಷರ ಬಿಡಲ್ಲ" ಎಂದರು. ಅವರು ಕಳಿಸಿದ್ದೂ ಹಾಗೆಯೇ ಇರಬೇಕು. ಅವರ ಮೇಲೆ ಇನ್ನೂ ಹಲವರಿದ್ದರು.

ಅರಿಗರು ಅಂದು ತಾಯಿಯ ಕಾಲ ಬಳಿ ಬಹಳ ಹೊತ್ತು ಕುಳಿತಿದ್ದರು. ಹೆಮ್ಮೆಯೋ ನಾಚಿಕೆಯೋ ಅವರಿಗೇ ತಿಳಿಯದು. ತಾನು ಹೇಳಬೇಕಾದ ಮಾತನ್ನು ಹೆತ್ತವಳು ಹೇಳಿದ್ದಳು.

ಆ ಮಾತು ರೇಡಿಯೋದಲ್ಲಿ ಬರುವ ಶುಕ್ರವಾರ ಊರಿಗೆ ಊರೇ ಅಂಗಳದಲ್ಲಿತ್ತು. ಅಬ್ಬಾಸ್ ಹೋಟೆಲಿನ ರೇಡಿಯೋ ಮುಚ್ಚಿ, ಗಿರಾಕಿಗಳನ್ನೂ ಹೊರಡಿಸಿಕೊಂಡು ಬಂದಿದ್ದರು. ಅನಂತಮತಿಯಮ್ಮ ಮಡಿ ಸೀರೆಯುಟ್ಟು ಕಿಟಕಿಯಲ್ಲಿ ಕುಳಿತರು. ಅರಿಗರು ತಿರುಗಣೆಯನ್ನು ತುದಿಯವರೆಗೆ ತಿರುಗಿಸಿದರು.

"ಪಡುಬಾಕ್ಯಾರಿನ ಹಿರಿಯ ಕೇಳುಗರೊಬ್ಬರ ಅನಿಸಿಕೆ" ಎಂದಿತು ಪೆಟ್ಟಿಗೆ. ಆಮೇಲೆ ಆ ಸ್ವರ. ಘಟ್ಟ ಹತ್ತಿ ಘಟ್ಟ ಇಳಿದು ಬಂದ ಅದೇ ಸ್ವರ. ಮಹಾರಾಜನಿಗೆ ಮಂಗಳವಾಯಿತು, ಭತ್ತದ ಬುದ್ಧಿ ಬಂತು, "ನಿನ್ನ ಪ್ರೀತಿ ದೊಡ್ಡದು" ಎಂಬಲ್ಲಿಗೆ ಬಂತು. ಕಿಟಕಿಯಲ್ಲಿ ಮುದುಕಿ ಮಗುವಿನಂತೆ ನಗುತ್ತಿದ್ದರು.

ಅಲ್ಲಿಗೆ ವೀಣೆ ಬಾರಿಸಿದರು.

"ಕೇಳುಗರ ಇಂಥ ಮೆಚ್ಚುಗೆಯ ಮಾತುಗಳಿಂದ ಉತ್ತೇಜಿತರಾಗಿ..." ಎಂದು ಬೇರೆ ಯಾರೋ ಶುರುಮಾಡಿದರು. ಅದರ ಹಿಂದೆಯೇ ಜಪಾನೀ ಪದ್ಧತಿಯ ಮಹಾನುಭಾವರು ಬಂದು, ಹಗ್ಗ ಹಿಡಿದು, ನಿಧಾನವಾಗಿ ನೇಜಿ ನೆಡತೊಡಗಿದರು.

ಅನಂತಮತಿಯಮ್ಮ ಸ್ವಲ್ಪ ಹೊತ್ತು ಕಾದರು. "ಉಳಿದದ್ದು ಇನ್ನು ಬರ್ತದಾ ಮಗಾ?" ಎಂದು ಕೇಳಿದರು.

ಅರಿಗರು ತಾಯಿಯ ಕಡೆ ನೋಡಿದರು. ಎದ್ದು ನಿಂತರು. ಕೋಣೆಗೆ ಹೋದರು. ನೆಡುತ್ತಿದ್ದವರನ್ನು ಗದ್ದೆಯ ನಡುವೆಯೇ ಬಿಟ್ಟು ಟಕ್ಕೆಂದು ತಿರುಗಣೆ ಮುಚ್ಚಿದರು.

"ಅರಿಗರೇ, ಆರ್ಡರು ಉಂಟಲ್ಲ?" ಎಂದು ಅಬ್ಬಾಸೇ ಗಾಬರಿಯಾದರು.

"ಉಂಟು" ಎಂದರು ಅರಿಗರು. ಒಳಗೆ ಹೋಗಿ ತಾಯಿಯ ಕೈ ಹಿಡಿದು ನಡೆಸಿಕೊಂಡು ಬಂದರು. ಚಾವಡಿಯ ಹೊಸ್ತಿಲು ದಾಟಿಸಿ, ಮೆಟ್ಟಿಲಿಳಿಸಿ, ಅಂಗಳದ ನಡುವೆ, ಗಂಡಸರೆಲ್ಲರ ನಡುವೆ, ತಾವು ಕೂರುವ ಕುರ್ಚಿಯಲ್ಲಿ ಕೂರಿಸಿದರು.

"ಉಳಿದದ್ದು ನೀವು ಇಲ್ಲಿ ಹೇಳಿ ಅಮ್ಮ. ನಾವು ಕೇಳ್ತೇವೆ."

ಅನಂತಮತಿಯಮ್ಮನಿಗೆ ಸುತ್ತ ಇರುವವರ ಮುಖ ಕಾಣಿಸದಿದ್ದರೂ ಎಷ್ಟು ಜನರೆಂದು ತಿಳಿಯಿತು. ಸೆರಗು ಎಳೆದುಕೊಂಡರು. "ಒಬ್ಬಳೇ ಹೇಗೆ ಹೇಳುವುದು? ಎದುರು ಅರ್ಥ ಹೇಳುವವರು ಬೇಕಲ್ಲ? ರಾಜ ಇಲ್ಲದೆ ಕೇಳುವುದು ಯಾರ ಹತ್ರ?"

ಎಲ್ಲರೂ ಅರಿಗರನ್ನು ನೋಡಿದರು. ಬೇಡ ಎನ್ನಲು ಅವರಿಗೆ ಬರುವುದಿಲ್ಲವಲ್ಲ. ತಾಯಿಯ ಎದುರು ಚಾಪೆ ಹಾಕಿ ಕುಳಿತರು. ಅನಂತಮತಿಯಮ್ಮ ಮತ್ತೆ ಮಂಗಳದಿಂದ ಹಿಡಿದು, ಈ ಸಲ ಇನ್ನೂ ಚೆನ್ನಾಗಿ, ಅಂದು ಹೇಳದಿದ್ದುದನ್ನೂ ಸೇರಿಸಿ, "ಅರ್ಧ ಗಂಟೆ ಕೇಳುತ್ತೇನೆ. ಕೊಡುತ್ತೀಯೋ, ಇಲ್ಲವೋ?" ಎಂದು ನಿಲ್ಲಿಸಿದರು.

"ತಕೊಳ್ಳಿ ಅಮ್ಮ" ಎಂದರು ಅರಿಗರು. ಕಣ್ಣಲ್ಲಿ ನೀರಿತ್ತು.

ಅಂಗಳವಿಡೀ ಗೊಳ್ಳೆಂದಿತು. ಬಾಗಿಲ ಮರೆಯಲ್ಲಿ ರಾಜಮತಿ ಬಾಯಿಗೆ ಸೆರಗು ತುರುಕಿಕೊಂಡರು. ಅನಂತಮತಿಯಮ್ಮನಿಗೆ ಮಾತ್ರ ನಿಜವಾಗಿ ಸಿಟ್ಟು ಬಂತು.

"ಕೊಟ್ಟುಬಿಟ್ರೆ ಪ್ರಸಂಗ ಮುಗೀತಲ್ಲ ಮಾರಾಯ! ಇನ್ನು ನಾನು ಎಂತ ಹೇಳುವುದು? ನೀನು ಇಲ್ಲ ಅನ್ನಬೇಕು. ನೀನು ಇಲ್ಲ ಅಂದ್ರೆ ಮಾತ್ರ ನನಗೆ ಮಾತು ಉಂಟು."

ಅರಿಗರು ತಾಯಿಯ ಮುಖ ನೋಡಿದರು. ಮಳೆಗಾಲದುದ್ದಕ್ಕೂ ಮಂಕಾಗಿದ್ದ ಆ ಮುಖ ಅವರ ಉತ್ತರಕ್ಕಾಗಿ ಕಾಯುತ್ತಿತ್ತು.

"ಇಲ್ಲ" ಎಂದರು. ಅದು ಪಕ್ಕದವರಿಗೂ ಕೇಳಲಿಲ್ಲ.

"ರಾಜ ಹಾಗೆ ಹೇಳ್ತಾನಾ?"

"ಕೊಡುವುದಿಲ್ಲ!" ಮುನಿರಾಜ ಅರಿಗರ ಸ್ವರ ಹೆಬ್ಬಾಗಿಲು ದಾಟಿ ರಸ್ತೆಗೆ ಹೋಯಿತು. "ಅರ್ಧ ಗಂಟೆಯಲ್ಲ, ಅರ್ಧ ಗಳಿಗೆಯೂ ಕೊಡುವುದಿಲ್ಲ! ಇಲ್ಲವೆಂದರೆ ಇಲ್ಲ!"

ಅನಂತಮತಿಯಮ್ಮನ ಮುಖ ಅರಳಿತು. ಬೆನ್ನು ನೆಟ್ಟಗಾಯಿತು. "ಹಾಗೋ ಮಹಾರಾಜ?" ಎಂದು ಅವರು ಕುರ್ಚಿಯ ಅಂಚಿಗೆ ಸರಿದು ಕುಳಿತರು.